ಪಂಡಿತಾ ರಮಾಬಾಯಿಯವರು ಕಂಡ ದೇವರ ನಂಬಿಗಸ್ತಿಕೆ

ದೇವರು ತನ್ನ ವಾಗ್ದಾನವನ್ನು ನೆರವೇರಿಸುವನೆಂದು ಹೇಳುವುದು ಸುಲಭ. ನೆರವೇರಿದಾಗ ಅದನ್ನು ಗುರುತಿಸುವುದು ಕಷ್ಟ. ನಾವೆಣಿಸಿದ ರೂಪದಲ್ಲಿಯೂ ನಾವು ಗೊತ್ತುಮಾಡಿದ ಕಾಲದಲ್ಲಿಯೂ ಅದು ಬರುವುದು ಅಪರೂಪ. ಪಂಡಿತಾ ರಮಾಬಾಯಿಯವರ ಚರಿತ್ರೆಯಿಂದ ಈ ಪಾಠವನ್ನು ನಾವು ಕಲಿಯಬಹುದು.

ರಮಾಬಾಯಿಯವರು 1858ನೆಯ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ, ನಮ್ಮ ಕನ್ನಡ ನಾಡಿನಲ್ಲಿಯೇ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೆ ಸಂಸ್ಕೃತವನ್ನು ಕಲಿಸಿದುದಕ್ಕಾಗಿ ಜನರ ನಿಂದೆಗೆ ಗುರಿಯಾದವರು. ಕುಟುಂಬವು ತೀರ್ಥಯಾತ್ರೆಯಲ್ಲಿ ಊರೂರು ತಿರುಗುತ್ತಿದ್ದಾಗ ತಾಯಿ ಲಕ್ಷ್ಮೀಬಾಯಿಯವರು ಹಕ್ಕಿಗಳು ಏಳುವ ಮುನ್ನವೇ ಮಗಳನ್ನೆಬ್ಬಿಸಿ ಪಾಠ ಹೇಳುತ್ತಿದ್ದರು. ಮುಂದೆ ಕ್ಷಾಮವು ಬಂದು, ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಹಸಿದ ಹೊಟ್ಟೆಯಲ್ಲಿ ಅಣ್ಣನೊಡನೆ ಕಾಲ್ನಡೆಯಾಗಿ ದೇಶವನ್ನು ಸುತ್ತಿ ಅವರು 1878ರಲ್ಲಿ ಕಲ್ಕತ್ತೆಯನ್ನು ಸೇರಲು, ಅಲ್ಲಿಯ ವಿದ್ವಾಂಸರು ಅವರಿಗೆ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದನ್ನಿತ್ತರು. 1880ರಲ್ಲಿ ಅಣ್ಣನೂ 1882ರಲ್ಲಿ ಪತಿ ಬಿಪಿನ್ ಬಿಹಾರಿಯವರೂ ಮರಣ ಹೊಂದಿದರು. ಉಳಿದವಳು ಕೈಗೂಸು ಮನೋರಮೆಯೊಬ್ಬಳೇ.

1883ರಲ್ಲಿ ಅವರು ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ತರುವಾಯ ಅಮೆರಿಕೆಗೆ ಹೋಗಿ ಹಿಂದೂ ವಿಧವೆಯರ ದುಃಖವನ್ನು ವಿವರಿಸಲು, 1887ರಲ್ಲಿ ಬೋಸ್ಟನ್ನಿನಲ್ಲಿ ಕೂಡಿದ ಸಂಘವೊಂದು ಹತ್ತು ವರುಷ ಧನಸಹಾಯ ಮಾಡುವೆವೆಂದು ಮಾತುಕೊಟ್ಟಿತು. 1889ನೆಯ ಮಾರ್ಚಿ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರುಷ ಪುಣೆಗೆ ಸ್ಥಳಾಂತರವಾಯಿತು. 1893ರಲ್ಲಿ ಮತಾಂತರದ ಸಂಶಯದಿಂದ ಅನೇಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಹತ್ತು ವರುಷ ಮುಗಿದ ಮೇಲೆ ಉಳಿದವರ ಅನ್ನಕ್ಕೆ ದಾರಿಯೇನೆಂದು ಯೋಚಿಸಿದ ರಮಾಬಾಯಿಯವರು ಕೇಡಗಾಂವಿನಲ್ಲಿ ಭೂಮಿಯನ್ನು ಕೊಂಡು ಹಣ್ಣಿನ ಮರಗಳನ್ನು ನೆಡಿಸಿದರು.

ಆ ತೋಟವನ್ನು ನೆಚ್ಚಿ ಕುಳಿತಿರಲು ಕಾಲವು ಬಿಡಲಿಲ್ಲ. 1896ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋದ ಅವರು ಎಲುಬುಗೂಡಾಗಿದ್ದ ಹುಡುಗಿಯರನ್ನು ಕಂಡರು. ಆ ಹಸಿವು ಅವರಿಗೆ ಹೊಸದಲ್ಲ. ಕೈಯಲ್ಲಿದ್ದ ಹಣವನ್ನು ಲೆಕ್ಕಿಸದೆ ಸುಮಾರು 300 ಮಂದಿಯನ್ನು ಕರೆತಂದರು. ಹೀಗೆ ಕೇಡಗಾಂವಿನಲ್ಲಿ ಮುಕ್ತಿ ಸದನವು ಬೆಳೆಯಿತು. 1898ರಲ್ಲಿ ಹತ್ತು ವರುಷದ ಮಾತು ತೀರಿತು, ಅನ್ನವು ತೀರಲಿಲ್ಲ. 1900ರ ಕ್ಷಾಮದಲ್ಲಿ ನಿವಾಸಿಗಳ ಸಂಖ್ಯೆಯು ಎರಡು ಸಾವಿರವನ್ನು ಸಮೀಪಿಸಿತು. ಅವರು ಓದು ಬರಹದೊಂದಿಗೆ ನೇಯ್ಗೆಯನ್ನೂ ಅಚ್ಚಿನ ಕೆಲಸವನ್ನೂ ಕಲಿತರು. 1912ರಲ್ಲಿ ನಮ್ಮ ಗುಲ್ಬರ್ಗದಲ್ಲಿಯೂ ಒಂದು ಕ್ರೈಸ್ತ ಪ್ರೌಢಶಾಲೆಯು ಸ್ಥಾಪಿತವಾಯಿತು.

ಇಷ್ಟಾದ ಮೇಲೂ ದುಃಖವು ತಪ್ಪಲಿಲ್ಲ. ತಾಯಿಯ ಬಲಗೈಯಂತಿದ್ದ ಮನೋರಮಾಬಾಯಿಯವರು 1921ರ ಜುಲೈಯಲ್ಲಿ ತೀರಿಕೊಂಡರು. ಆ ವಿಯೋಗಕ್ಕೆ ಕಾರಣ ಹೇಳಲು ನಾವು ಶಕ್ತರಲ್ಲ. ಆದರೂ ರಮಾಬಾಯಿಯವರು ಸತ್ಯವೇದವನ್ನು ಮೂಲ ಇಬ್ರಿಯ, ಗ್ರೀಕ್ ಭಾಷೆಗಳಿಂದ ಸುಲಭವಾದ ಮರಾಠಿಗೆ ತರುವ ಕೆಲಸವನ್ನು ಬಿಡದೆ ಮುಗಿಸಿ, 1922ನೆಯ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.

ದೇವರು ಅವರಿಗೆ ಹಸಿವನ್ನು ತಪ್ಪಿಸಲಿಲ್ಲ. ಆ ಹಸಿವಿನಿಂದಲೇ ಸಾವಿರಾರು ಹಸಿದವರಿಗೆ ತಾಯಿಯನ್ನು ಸಿದ್ಧಮಾಡಿದನು. ನಸುಕಿನಲ್ಲಿ ತಾಯಿ ಹೇಳಿಕೊಟ್ಟ ಪಾಠವು ಅರ್ಧ ಶತಮಾನದ ಮೇಲೆ ಫಲಕೊಟ್ಟಿತು. ಆ ತಾಯಿ ಅದನ್ನು ಕಾಣಲಿಲ್ಲ. ಪ್ರಿಯ ಪೋಷಕರೇ, ನಾವೂ ನೀವೂ ಈ ಮಕ್ಕಳಲ್ಲಿ ಬಿತ್ತುವುದರ ಫಲವನ್ನು ನಾವೇ ಕಾಣುವೆವೆಂಬ ನಿಶ್ಚಯವಿಲ್ಲ. ಹಳೆಯ ವಿದ್ಯಾರ್ಥಿನಿಯರೇ, ಸಮುವೇಲನು ಎಬೆನೆಜೆರೆಂಬ ಕಲ್ಲನ್ನು ನಿಲ್ಲಿಸಿದ್ದು ನಡೆದುಬಂದ ದಾರಿಯನ್ನು ನೆನೆದಲ್ಲವೇ? ನೀವೂ ಒಮ್ಮೆ ಹಿಂದಿರುಗಿ ನೋಡಿರಿ. ಅಂದು ನಷ್ಟವೆಂದು ಅತ್ತ ಸ್ಥಳದಲ್ಲಿಯೇ ಆತನ ಕೈ ನಿಮ್ಮನ್ನು ಹಿಡಿದಿದ್ದುದು ಕಂಡೀತು.