ಹಮ್ಮಿಗಿಯ ಬಂದೂಕುಗಳು ಮತ್ತು ಮುಂಡರಗಿ ಭೀಮರಾಯ

ಮುಂಡರಗಿ: ತುಂಗಭದ್ರೆಯ ದಡದಲ್ಲಿರುವ ಹಮ್ಮಿಗಿ ಗ್ರಾಮದ ಮನೆಯೊಂದರಲ್ಲಿ 1858ರ ಮೇ ತಿಂಗಳಲ್ಲಿ ಬಚ್ಚಿಟ್ಟ ಆಯುಧಗಳು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಕಣ್ಣಿಗೆ ಬಿದ್ದವು. ಮುಂಡರಗಿ ಭೀಮರಾಯರ ದಂಗೆಗೆ ದಿನ ನಿಗದಿ ಮಾಡಿದ್ದು ಈ ಶೋಧವೇ ಹೊರತು ಬೇರಾವ ಮುಹೂರ್ತವೂ ಅಲ್ಲ.

ನಾಡಗೀರ ಮನೆತನದ ಭೀಮರಾಯರು ಸಂಸ್ಥಾನಿಕರಾಗಿರಲಿಲ್ಲ. ಬಳ್ಳಾರಿ ಸೀಮೆಯಲ್ಲಿ ಕಂಪನಿ ಸರ್ಕಾರದ ಚಾಕರಿ ಮಾಡಿ, ಬಳಿಕ ಹುದ್ದೆ ಕಳೆದುಕೊಂಡು ಊರಿಗೆ ಮರಳಿದವರು. ಸರ್ಕಾರದ ಹುಕುಂ ಕಾಗದದಿಂದ ಹಳ್ಳಿಯ ಚಾವಡಿಗೆ ಇಳಿಯುವ ಬಗೆಯನ್ನು ಒಳಗಿನಿಂದಲೇ ಕಂಡವರು. ಅಂಥವರಿಗೆ 1857ರ ನಿಶ್ಶಸ್ತ್ರೀಕರಣ ಕಾಯ್ದೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಕಾಯ್ದೆ ಬಂದ ವರ್ಷವೇ, ನವೆಂಬರ್ ಕೊನೆಯಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಊರು ಸುಟ್ಟಿತು, 19 ಮಂದಿ ಗಲ್ಲಿಗೇರಿದರು. ಈ ಸುದ್ದಿ ತಿಳಿದ ಮೇಲೂ ಆಯುಧ ಉಳಿಸಿಕೊಳ್ಳಬೇಕೆಂದವರಿಗೆ ಒಂದೇ ದಾರಿ ಇತ್ತು: ಬಚ್ಚಿಡುವುದು.

ಬಂದೂಕನ್ನು ಬಚ್ಚಿಡುವುದಾದರೂ ಧಾನ್ಯವನ್ನು ಹಗೇವಿನಲ್ಲಿ ಇಟ್ಟು ಮರೆತಂತಲ್ಲ. ಆ ಕಾಲದಲ್ಲಿ ಖಾಸಗಿಯವರ ಕೈಯಲ್ಲಿದ್ದವು ಹೆಚ್ಚಾಗಿ ಬಾಯಿಯಿಂದ ಮದ್ದು ತುಂಬುವ, ಉರಿಯುವ ಬತ್ತಿಯಿಂದ ಹಾರಿಸುವ ಬಂದೂಕುಗಳು. ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲು ಬೆರೆಸಿದ ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ ಮತ್ತು ಮಸಿಯಾಗಿ ಉಳಿಯುತ್ತದೆ. ನಳಿಗೆಯ ಒಳಮೈಗೆ ಅಂಟುವ ಈ ಮಸಿಯಲ್ಲಿ ಲವಣಗಳಿರುವುದರಿಂದ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಂದು ರಾತ್ರಿ ಹಾಗೆಯೇ ಬಿಟ್ಟರೂ ಕಬ್ಬಿಣ ತುಕ್ಕು ಹಿಡಿಯತೊಡಗುತ್ತದೆ. ಎಣ್ಣೆಯೊಂದರಿಂದಲೇ ಇದು ಹೋಗದು. ಮೊದಲು ನೀರೇ ಬೇಕು, ಅದೂ ಬಿಸಿನೀರು. ಲವಣ ನೀರಿನಲ್ಲಿ ಕರಗುತ್ತದೆ. ನೀರಿನ ಕಾವಿಗೆ ನಳಿಗೆಯೂ ಬೇಗ ಒಣಗುತ್ತದೆ. ಬಳಿಕ ಸಲಾಕೆಗೆ ಅರಿವೆ ಸುತ್ತಿ, ಅರಿವೆ ಬೆಳ್ಳಗೆ ಹೊರಬರುವವರೆಗೆ ತಿಕ್ಕಬೇಕು. ಕಿಡಿ ಒಳಹೋಗುವ ಸಣ್ಣ ರಂಧ್ರವನ್ನು ಸೂಜಿಯಿಂದ ಬಿಡಿಸಬೇಕು. ಕೊನೆಗೆ ತೆಳುವಾಗಿ ಎಣ್ಣೆ ಸವರಬೇಕು. ಎಲ್ಲ ಎಣ್ಣೆಯೂ ಇದಕ್ಕೆ ಒದಗುವುದಿಲ್ಲ. ಈ ಭಾಗದ ಎರೆಹೊಲಗಳ ಕುಸುಬೆ ಎಣ್ಣೆ ಗಾಳಿಗೆ ಒಣಗಿ ಅಂಟಾಗುವಂಥದ್ದು. ಔಡಲ ಎಣ್ಣೆ ಹಾಗೆ ಒಣಗದು.

ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಉತ್ತರ ಭಾರತದಲ್ಲಿ 1857ರ ಕಿಡಿ ಹೊತ್ತಿದ್ದೂ ನಳಿಗೆಯ ಸುತ್ತಲೇ. ಹೊಸ ಎನ್‌ಫೀಲ್ಡ್ ರೈಫಲ್‌ನ ನಳಿಗೆಯೊಳಗೆ ಮೂರು ತೋಡುಗಳಿದ್ದವು. ಗುಂಡು ಸಲೀಸಾಗಿ ಇಳಿಯಲಿ, ಮಸಿ ಮೆತ್ತಗಾಗಲಿ ಎಂದೇ ತೋಟಾಗಳಿಗೆ ಜಿಡ್ಡು ಸವರಲಾಗಿತ್ತು. ಆ ಜಿಡ್ಡು ದನದ್ದು, ಹಂದಿಯದ್ದು ಎಂಬ ಮಾತು ಸಿಪಾಯಿಗಳಲ್ಲಿ ಹಬ್ಬಿದ ಕಥೆ ಎಲ್ಲರಿಗೂ ತಿಳಿದದ್ದೇ.

ಮುಚ್ಚಿಟ್ಟ ಬಂದೂಕನ್ನು ಆಗಾಗ ತೆಗೆದು ಒರೆಸದಿದ್ದರೆ ಅದು ಕೈಕೊಡುತ್ತದೆ. ಆಗಾಗ ತೆಗೆದರೆ ಗುಟ್ಟು ಹೊರಬೀಳುವ ಭಯ. ಶಸ್ತ್ರ ಬಚ್ಚಿಟ್ಟವರೆಲ್ಲರ ಇಕ್ಕಟ್ಟು ಇದು. ಮದ್ದಿನ ಪಾಡು ಇನ್ನೂ ಕಷ್ಟ. ತೇವ ತಾಗಿದರೆ ಅದು ಹೊತ್ತುವುದೇ ಇಲ್ಲ. ಮೇ ಕಳೆದರೆ ಮುಂದೆ ಮಳೆಗಾಲ.

ಹಮ್ಮಿಗಿಯಲ್ಲಿ ಸಿಕ್ಕ ಆಯುಧಗಳಿಗೆ ಮುದ್ರೆ ಹಾಕಿ ಕಾವಲು ಇರಿಸಲಾಯಿತು. ಭೀಮರಾಯರು ತಡಮಾಡಲಿಲ್ಲ. ಹಮ್ಮಿಗಿಯ ಕೆಂಚನಗೌಡರೊಡನೆ ಮೇ 24ರಂದು ಕಾವಲಿನವರ ಮೇಲೆ ಬಿದ್ದು ಆಯುಧಗಳನ್ನು ಮರಳಿ ಪಡೆದರು. ಅಲ್ಲಿಂದ ದಂಬಳಕ್ಕೆ ನುಗ್ಗಿ ಖಜಾನೆ ವಶಪಡಿಸಿಕೊಂಡರು. ನಂತರ ನಿಜಾಮನ ಸೀಮೆಗೆ ಸೇರಿದ್ದ ಕೊಪ್ಪಳದ ಕೋಟೆ ಅವರ ಕೈಸೇರಿತು.

ನರಗುಂದದ ಬಾಬಾಸಾಹೇಬರ ಜೊತೆ ಭೀಮರಾಯರಿಗೆ ಮೊದಲೇ ಸಂಪರ್ಕವಿತ್ತು. ದಂಗೆಯ ಸುದ್ದಿ ತಲುಪಿದೊಡನೆ ಬಾಬಾಸಾಹೇಬರೂ ಎದ್ದರು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಆದರೆ ನರಗುಂದಕ್ಕೂ ಕೊಪ್ಪಳಕ್ಕೂ ನಡುವಿನ ಹಾದಿ ಉದ್ದ. ಎರಡೂ ಪಡೆಗಳು ಕೂಡಲು ಕಂಪನಿ ಸೈನ್ಯ ಸಮಯ ಕೊಡಲಿಲ್ಲ. ಅವಸರದ ಆರಂಭಕ್ಕೆ ತೆತ್ತ ಬೆಲೆ ಇದೆನ್ನಬೇಕು.

ಮೇಜರ್ ಹ್ಯೂಸ್‌ನ ಪಡೆ ಕೊಪ್ಪಳದ ಕೋಟೆಯನ್ನು ಜೂನ್ 1ರಂದು ಭೇದಿಸಿತು. ಕೋಟೆಯ ಗೋಡೆ ಎಷ್ಟೇ ಗಟ್ಟಿಯಿದ್ದರೂ ಬಾಯಿಯಿಂದ ತುಂಬುವ ಬಂದೂಕಿಗೆ ತನ್ನದೇ ಮಿತಿಯಿದೆ: ಹಾರಿಸಿದಷ್ಟೂ ನಳಿಗೆಯಲ್ಲಿ ಮಸಿ ಕಟ್ಟುತ್ತದೆ, ಗುಂಡು ಇಳಿಯುವುದು ನಿಧಾನವಾಗುತ್ತದೆ, ತೊಳೆಯಲು ಬಿಡುವಿರುವುದಿಲ್ಲ. ಭೀಮರಾಯರು ಮತ್ತು ಕೆಂಚನಗೌಡರು ಆ ದಿನವೇ ಕೋಟೆಯೊಳಗೆ ಹೋರಾಡುತ್ತ ಮಡಿದರು. ಹಮ್ಮಿಗಿಯ ದಾಳಿ ನಡೆದು ಆಗಿನ್ನೂ 8 ದಿನ.

ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಇಪ್ಪತ್ತು ವರ್ಷಗಳ ಬಳಿಕ, 1878ರಲ್ಲಿ, ಶಸ್ತ್ರಾಸ್ತ್ರ ಕಾಯ್ದೆ ಬಂದು ಬಂದೂಕಿಗೆ ಪರವಾನಗಿ ಶಾಶ್ವತವಾಯಿತು.