ಕೃಪಾ ಸದನ ಕಟ್ಟಿದ ಪಂಡಿತಾ ರಮಾಬಾಯಿ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ, ನನ್ನ ಮೇಲೆ ಪ್ರಭಾವ ಬೀರಿದ ಒಬ್ಬ ಮಹನೀಯರ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಈ ಶಾಲೆಯಲ್ಲಿ ಹದಿನೇಳು ವರ್ಷ ಸಮಾಜ ವಿಜ್ಞಾನ ಕಲಿಸಿದ ನನಗೆ ಕೂಡಲೇ ನೆನಪಾದವರು ಪಂಡಿತಾ ರಮಾಬಾಯಿ. ಸಮಾಜ ಸುಧಾರಕರ ಪಾಠ ಮಾಡುವಾಗ ಅವರ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿ ಮುಂದೆ ಹೋಗುತ್ತಿದ್ದೆ. ಅವರು ನಮ್ಮ ನಾಡಿನ ಮಗಳೆಂಬುದು ಮೊದಮೊದಲು ನನಗೂ ಗೊತ್ತಿರಲಿಲ್ಲ.

ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನ ವಿರೋಧ ಕಟ್ಟಿಕೊಂಡು, ಘಟ್ಟದ ಮೇಲಿನ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು. ಮಗುವಿಗೆ ಆರು ತಿಂಗಳಾಗಿದ್ದಾಗ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಮಗುವನ್ನು ಘಟ್ಟ ಇಳಿಸಿದರಂತೆ. ನಡೆದ ದಾರಿಯೇ ರಮಾಗೆ ಪಾಠಶಾಲೆ, ತಾಯಿಯೇ ಗುರು.

1870ರ ದಶಕದ ಬರಗಾಲದಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ತಾಯಿಯ ಶವ ಹೊರಲು ಸಾಕಷ್ಟು ಜನ ಸಿಗಲಿಲ್ಲ. ಕೊನೆಗೆ ರಮಾಬಾಯಿಯೇ ಹೆಗಲು ಕೊಡಬೇಕಾಯಿತು. ಎತ್ತರ ಸಾಲದ್ದರಿಂದ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತರು. ಹಸಿವು ಎಂದರೇನು ಎಂದು ಅವರಿಗೆ ಯಾರೂ ಪುಸ್ತಕದಿಂದ ಹೇಳಿಕೊಡಬೇಕಾಗಿರಲಿಲ್ಲ.

ಉಳಿದ ಅಣ್ಣ ಶ್ರೀನಿವಾಸನೊಡನೆ ನಡೆಯುತ್ತಾ 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಜಾತಿಯ ಗೆರೆ ದಾಟಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಅವರನ್ನು ಮದುವೆಯಾದರು. ಎರಡು ವರ್ಷ ತುಂಬುವುದರೊಳಗೆ ಪತಿ ಕಾಲರಾಕ್ಕೆ ಬಲಿಯಾದರು. ಇಪ್ಪತ್ತಮೂರರ ವಿಧವೆಯ ಕಂಕುಳಲ್ಲಿ ಎಳೆಗೂಸು ಮನೋರಮಾ.

ವೈದ್ಯಶಿಕ್ಷಣ ಪಡೆಯಲೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಆ ಆಸೆ ಕೈಗೂಡಲಿಲ್ಲ. ಆದರೆ ಲಂಡನ್ನಿನ ಫುಲ್‌ಹ್ಯಾಂನಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಒಂದು ಆಶ್ರಯಧಾಮವನ್ನು ನೋಡಿದರು. ಸಮಾಜ ದಾರಿತಪ್ಪಿದವರೆಂದು ದೂರವಿಟ್ಟ ಹೆಂಗಸರನ್ನು ಅಲ್ಲಿ ಪ್ರೀತಿಯಿಂದ ಸಾಕಿ, ಹೊಸ ಬದುಕಿಗೆ ಅಣಿಗೊಳಿಸುತ್ತಿದ್ದರು. ಕಾರಣ ಕೇಳಿದಾಗ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಪ್ರಸಂಗವನ್ನು ತಿಳಿಸಿದರು. ತಾವು ಓದಿದ ಧರ್ಮಶಾಸ್ತ್ರಗಳಲ್ಲಿ ಅಂಥ ಹೆಣ್ಣಿಗೆ ಶಿಕ್ಷೆ ಕಂಡಿದ್ದ ರಮಾಬಾಯಿಯವರ ಮನಸ್ಸಿಗೆ ಇದು ಆಳವಾಗಿ ನಾಟಿತು. ಅದೇ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಬದಲಾವಣೆ ಅಲ್ಲಿಗೇ ಮುಗಿಯಲಿಲ್ಲ. ತಾವು ಒಪ್ಪಿದ್ದು ಕ್ರೈಸ್ತ ಮತವನ್ನು ಮಾತ್ರ, ಕ್ರಿಸ್ತನನ್ನಲ್ಲ ಎಂಬ ಅರಿವು ಅವರಿಗೆ ಬಂದದ್ದು ಸುಮಾರು ಎಂಟು ವರ್ಷದ ಬಳಿಕ. ತನ್ನ ವಿದ್ಯೆಯಿಂದ, ಒಳ್ಳೆಯ ಕೆಲಸದಿಂದ ದೇವರ ಮೆಚ್ಚುಗೆ ಗಳಿಸಬೇಕು ಎಂಬ ಭಾರವನ್ನು ಅವರು ಕೆಳಗಿಟ್ಟರು. ಕೃಪೆ ಗಳಿಕೆಯಲ್ಲ, ಕೊಡುಗೆ. ಇದ್ದ ಹಾಗೆಯೇ ಬಂದವರನ್ನು ದೇವರು ಸ್ವೀಕರಿಸುತ್ತಾನೆ ಎಂಬ ನಂಬಿಕೆಯಲ್ಲಿ ಅವರಿಗೆ ನೆಮ್ಮದಿ ಸಿಕ್ಕಿತು.

ದಾರಿ ಮಾತ್ರ ಸುಲಭವಾಗಿರಲಿಲ್ಲ. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಹುಡುಗಿಯರು ಅವರ ಪ್ರಾರ್ಥನೆಗೆ ಸೇರುತ್ತಾರೆಂಬ ಆಕ್ಷೇಪ ಎದ್ದು, ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೇ ಸಲಹಾ ಮಂಡಳಿ ಬಿಟ್ಟರು. ಎಷ್ಟೋ ಪೋಷಕರು ಮಕ್ಕಳನ್ನು ಕರೆದೊಯ್ದರು. ಇತ್ತ ಚರ್ಚಿನ ಹಿರಿಯರು ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸಿದವರೂ ಅಲ್ಲ. ಎರಡೂ ಕಡೆಯ ಮುನಿಸು ಸಹಿಸಿಕೊಂಡು ಕೆಲಸ ಮುಂದುವರಿಸಿದರು.

1896–97ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನ ಬೆಳೆಯಿತು. ಹೊಲ, ಮಗ್ಗ, ಮುದ್ರಣಾಲಯ, ಅಂಧರಿಗೆ ಬ್ರೈಲ್ ಪಾಠ ಎಲ್ಲವೂ ಅಲ್ಲಿದ್ದವು. ಜಗತ್ತು ಕೈಬಿಟ್ಟ ಹೆಂಗಸರಿಗಾಗಿ ಅಲ್ಲೇ ಬೇರೆ ಮನೆ ಕಟ್ಟಿ ಕೃಪಾ ಸದನ ಎಂದು ಹೆಸರಿಟ್ಟರು. ಫುಲ್‌ಹ್ಯಾಂನಲ್ಲಿ ಕಂಡದ್ದನ್ನು ಅವರು ಮರೆತಿರಲಿಲ್ಲ. ಮಗಳು ಮನೋರಮಾ ನಮ್ಮ ಗುಲ್ಬರ್ಗದಲ್ಲಿಯೂ ಹೆಣ್ಣುಮಕ್ಕಳ ಶಾಲೆ ಆರಂಭಿಸಿದರು. ಆ ಮಗಳೂ 1921ರಲ್ಲಿ ತಾಯಿಗಿಂತ ಮೊದಲೇ ಹೋದರು. ಮೂಲ ಹೀಬ್ರೂ, ಗ್ರೀಕ್ ಭಾಷೆಗಳಿಂದ ಬೈಬಲನ್ನು ಸರಳ ಮರಾಠಿಗೆ ತರುವ ಕೆಲಸವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣುಮುಚ್ಚಿದರು.

ಇವರ ಕಥೆ ನನ್ನನ್ನು ಏಕೆ ಕಾಡುತ್ತದೆಂದು ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ, ಎಂಟನೇ ತರಗತಿಗೆ ಒಬ್ಬ ಹುಡುಗಿ ಬಂದಳು. ಅವಳ ತಾಯಿಯ ಬಗ್ಗೆ ಊರು ಕೆಟ್ಟ ಮಾತಾಡುತ್ತಿತ್ತು. ಪಕ್ಕದಲ್ಲಿ ಕೂರಲು ಮಕ್ಕಳು ಒಪ್ಪಲಿಲ್ಲ. ಗಲಾಟೆ ಬೇಡವೆಂದು ನಾನೇ ಅವಳನ್ನು ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಿದೆ. ಅರ್ಧವಾರ್ಷಿಕ ಪರೀಕ್ಷೆಗೆ ಅವಳು ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹುಡುಕಿ ಹೋಗಲಿಲ್ಲ. ವರ್ಷಗಳ ನಂತರ ಕೃಪಾ ಸದನದ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಕ್ರೈಸ್ತಳಲ್ಲ. ಮತ ಬದಲಿಸಿ ಎಂದು ಯಾರಿಗೂ ಹೇಳುವವಳೂ ಅಲ್ಲ. ಆದರೆ ಯೋಗ್ಯತೆ ಅಳೆಯದೆ ಒಳಗೆ ಕರೆದುಕೊಳ್ಳುವುದನ್ನು ಅವರ ಬದುಕಿನಿಂದ ಕಲಿತೆ. ಈ ಶಾಲೆಗೆ ಬಂದ ಮೇಲೆ ಯಾವ ಮಗುವನ್ನೂ ಒಂಟಿಯಾಗಿ ಕೂರಿಸಲಿಲ್ಲ. ಅದರಿಂದ ಆ ಹುಡುಗಿಯ ಋಣ ತೀರಿತೆಂದು ಮಾತ್ರ ಹೇಳಲಾರೆ.

ಐವತ್ತು ತುಂಬಿದ ನಮ್ಮ ಶಾಲೆಯ ಕಿರಿಯ ಶಿಕ್ಷಕರಲ್ಲಿ ನನ್ನದೊಂದೇ ಬಿನ್ನಹ. ಹಾಜರಿ ಕರೆಯುವಾಗ ನಾಲ್ಕು ದಿನ ಉತ್ತರ ಬಾರದ ಹೆಸರಿದ್ದರೆ, ದಯವಿಟ್ಟು ಆ ಮಗುವಿನ ಮನೆಗೆ ಹೋಗಿ ಬನ್ನಿ. ಶಾಲೆಗೂ ಮಕ್ಕಳಿಗೂ ಶುಭವಾಗಲಿ.

— ನಿವೃತ್ತ ಸಹ ಶಿಕ್ಷಕಿ