ಗಡ್ಡೆಯ ಜಾಡು ತೋರಿದ ಹೆವೆಶಿ

ಪೆಟ್ ಸ್ಕ್ಯಾನ್‌ಗೆ ಬರುವ ಕ್ಯಾನ್ಸರ್ ರೋಗಿಯ ರಕ್ತನಾಳಕ್ಕೆ ಸಾಮಾನ್ಯವಾಗಿ ವಿಕಿರಣಶೀಲ ಸಕ್ಕರೆಯ ಚುಚ್ಚುಮದ್ದು ನೀಡಲಾಗುತ್ತದೆ. ಅದು ಗಡ್ಡೆಯಲ್ಲಿ ಶೇಖರಗೊಂಡು, ವೈದ್ಯರ ಕಣ್ಣಿಗೆ ಕಾಣದ ತಾಣವನ್ನು ಚಿತ್ರದಲ್ಲಿ ತೋರಿಸುತ್ತದೆ. ಈ ವಿದ್ಯೆಯ ಮೂಲಪುರುಷ ಜಾರ್ಜ್ ಡಿ ಹೆವೆಶಿ. ಅವರು ಇದಕ್ಕೆ ಅಡಿಗಲ್ಲು ಹಾಕಿದ್ದು ಒಂದು ಸೋಲಿನ ಮೇಲೆ.

1885ರ ಆಗಸ್ಟ್ 1ರಂದು ಹಂಗೆರಿಯ ಬುಡಾಪೆಸ್ಟ್‌ನ ಸಿರಿವಂತ ಯಹೂದಿ ಮೂಲದ ಕುಟುಂಬದಲ್ಲಿ ಜನಿಸಿದ ಹೆವೆಶಿ, 1911ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ತೆರಳಿ ಅರ್ನೆಸ್ಟ್ ರುದರ್‌ಫೋರ್ಡ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ರಾಶಿ ಬಿದ್ದಿದ್ದ ಸೀಸದಲ್ಲಿ ರೇಡಿಯಂ-ಡಿ ಎಂಬ ವಿಕಿರಣಶೀಲ ವಸ್ತು ಬೆರೆತಿತ್ತು. ಅದನ್ನು ಬೇರ್ಪಡಿಸುವ ಹೊಣೆಯನ್ನು ರುದರ್‌ಫೋರ್ಡ್ ಈ ತರುಣನಿಗೆ ವಹಿಸಿದರು. ಹೆವೆಶಿ ತಿಳಿದ ವಿಧಾನಗಳನ್ನೆಲ್ಲ ಪ್ರಯೋಗಿಸಿದರೂ ಕೈಗೂಡಲಿಲ್ಲ. ಕಾರಣ ಸರಳ: ರೇಡಿಯಂ-ಡಿ ಸೀಸದ್ದೇ ಇನ್ನೊಂದು ರೂಪ. ರಾಸಾಯನಿಕವಾಗಿ ಎರಡಕ್ಕೂ ಭೇದವಿಲ್ಲ.

ಇತರರು ಕೈಚೆಲ್ಲುವ ಘಟ್ಟದಲ್ಲಿ ಹೆವೆಶಿ ಪ್ರಶ್ನೆಯನ್ನೇ ತಿರುವಿ ಹಾಕಿದರು. ಬೇರ್ಪಡಿಸಲಾಗದ ಸಂಗಾತಿಯನ್ನು ಸೀಸಕ್ಕೆ ಬೇಕೆಂದೇ ಬೆರೆಸಿದರೆ, ಸೀಸ ಹೋದಲ್ಲೆಲ್ಲ ಅದೂ ಹೋಗುತ್ತದೆ, ತನ್ನ ವಿಕಿರಣದಿಂದ ಸುಳಿವನ್ನೂ ಕೊಡುತ್ತದೆ. 1913ರಲ್ಲಿ ವಿಯೆನ್ನಾದಲ್ಲಿ ಫ್ರಿಟ್ಸ್ ಪಾನೆತ್ ಜತೆಗೂಡಿ ಅವರು ಇದನ್ನು ಸಾಧಿಸಿ ತೋರಿದರು. ಮ್ಯಾಂಚೆಸ್ಟರ್‌ನ ವಸತಿಗೃಹದಲ್ಲಿ ಉಳಿದ ಆಹಾರವನ್ನೇ ಮತ್ತೆ ಬಡಿಸುತ್ತಾರೆಂಬ ಗುಮಾನಿಯಿಂದ ತಟ್ಟೆಯಲ್ಲಿ ಬಿಟ್ಟ ತಿನಿಸಿಗೆ ವಿಕಿರಣಶೀಲ ವಸ್ತು ಬೆರೆಸಿ, ಮುಂದೊಂದು ಊಟದಲ್ಲಿ ಅದನ್ನು ಪತ್ತೆಹಚ್ಚಿದ ಪ್ರಸಂಗವನ್ನೂ ಅವರು ಹೇಳಿಕೊಂಡಿದ್ದರು.

ಕೋಪನ್‌ಹೇಗನ್‌ನಲ್ಲಿ 1923ರಲ್ಲಿ ಅವರು ಹುರುಳಿಕಾಯಿ ಜಾತಿಯ ಗಿಡದ ಬೇರಿನಿಂದ ಎಲೆಯವರೆಗೆ ಸೀಸದ ಪಯಣವನ್ನು ಅಳೆದರು. ಹಾಫ್ನಿಯಂ ಧಾತುವಿನ ಶೋಧ ಪ್ರಕಟವಾದದ್ದೂ ಅದೇ ವರ್ಷ. ನಾಜಿಗಳ ಕಾರಣದಿಂದ 1934ರಲ್ಲಿ ಜರ್ಮನಿಯ ಫ್ರೈಬುರ್ಗ್ ತೊರೆದು ಮತ್ತೆ ಕೋಪನ್‌ಹೇಗನ್ ಸೇರಿದರು. ಮರುವರ್ಷ ವಿಕಿರಣಶೀಲ ರಂಜಕವನ್ನು ಇಲಿಗಳಿಗೆ ತಿನ್ನಿಸಿ, ಎಲುಬು ಜಡವಸ್ತುವಲ್ಲ, ಹಳೆಯ ಪರಮಾಣು ಬಿಟ್ಟು ಹೊಸದನ್ನು ಸದಾ ಪಡೆಯುತ್ತಿರುತ್ತದೆ ಎಂದು ತೋರಿದರು.

1940ರಲ್ಲಿ ಜರ್ಮನ್ ಸೇನೆ ಡೆನ್ಮಾರ್ಕ್‌ಗೆ ನುಗ್ಗಿದಾಗ, ಸಹವಿಜ್ಞಾನಿಗಳಾದ ಲಾವೆ ಮತ್ತು ಫ್ರಾಂಕ್ ಅವರ ಚಿನ್ನದ ನೊಬೆಲ್ ಪದಕಗಳನ್ನು ರಾಜಾಮ್ಲದಲ್ಲಿ ಕರಗಿಸಿ ಬಚ್ಚಿಟ್ಟವರೂ ಇವರೇ. ಯುದ್ಧಾನಂತರ ಅದೇ ಚಿನ್ನದಿಂದ ಪದಕಗಳು ಮರುಹುಟ್ಟು ಪಡೆದವು. ಸ್ವೀಡನ್ನಿನ ಹಾನ್ಸ್ ಫಾನ್ ಆಯ್ಲರ್ ಜತೆ ಹೆವೆಶಿ ಇಲಿಯ ಗಡ್ಡೆಗೂ ರಂಜಕದ ಬೇಹುಗಾರನನ್ನು ಕಳುಹಿಸಿ, ಎಕ್ಸ್-ಕಿರಣಗಳು ಅಲ್ಲಿನ ನ್ಯೂಕ್ಲಿಯಿಕ್ ಆಮ್ಲದ ರಚನೆಯನ್ನು ಕುಂಠಿತಗೊಳಿಸುತ್ತವೆ ಎಂಬುದನ್ನು ಕಂಡರು. 1943ರಲ್ಲಿ ಅವರೇ ಸ್ವೀಡನ್‌ಗೆ ಪಲಾಯನ ಮಾಡಬೇಕಾಯಿತು. ಆ ವರ್ಷದ ರಸಾಯನಶಾಸ್ತ್ರ ನೊಬೆಲ್ ಅವರಿಗೆ ಸಂದಿತು.

ಹೆವೆಶಿ 1966ರ ಜುಲೈ 5ರಂದು ಫ್ರೈಬುರ್ಗ್‌ನಲ್ಲಿ ನಿಧನರಾದರು. ಹತ್ತು ವರ್ಷಗಳ ನಂತರ, 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಫ್ಲೋರಿನ್-18 ಬೆಸೆದ ಸಕ್ಕರೆಯನ್ನು ಮೊದಲ ಬಾರಿಗೆ ಮನುಷ್ಯರಿಗೆ ನೀಡಲಾಯಿತು. ಹಸಿದ ಕ್ಯಾನ್ಸರ್ ಕೋಶ ಅದನ್ನು ನಿಜವಾದ ಸಕ್ಕರೆಯೆಂದೇ ಬಗೆದು ಒಳಗೆ ಬಿಟ್ಟುಕೊಳ್ಳುತ್ತದೆ, ಆದರೆ ಪೂರ್ತಿ ಅರಗಿಸಲಾಗದೆ ಸಿಕ್ಕಿಬೀಳುತ್ತದೆ. ಪ್ರಾಸ್ಟೇಟ್ ಗಡ್ಡೆಯ ಕೋಶಗಳ ಮೇಲಿನ ನಿರ್ದಿಷ್ಟ ಪ್ರೋಟೀನಿಗೇ ಅಂಟುವ ಗ್ಯಾಲಿಯಂ-68 ಔಷಧಗಳೂ ಇಂದು ಬಳಕೆಯಲ್ಲಿವೆ. ಹೆವೆಶಿ ಅವರ ಅವಶೇಷಗಳನ್ನು 2001ರಲ್ಲಿ ಹುಟ್ಟೂರು ಬುಡಾಪೆಸ್ಟ್‌ಗೆ ತಂದು ಸಮಾಧಿ ಮಾಡಲಾಯಿತು.